ಮಣಿಕಟ್ಟಿನಿಂದ ಮೂರು ಬೆರಳು ಮೇಲೆ

ಹಾಸನದಿಂದ ಬಂದ ಪರಿಚಯದವರ ಸೂಟ್‌ಕೇಸಿನಲ್ಲಿ ಅತ್ತೆ ಒಂದು ಹಾರ್ಲಿಕ್ಸ್ ಬಾಟಲಿ ಕಳಿಸಿದ್ದರು. ಒಳಗಿದ್ದದ್ದು ಹಸಿರು ಬೆರೆತ ಕಂದು ಬಣ್ಣದ ಪುಡಿ. ಮುಚ್ಚಳದ ಸುತ್ತ ಹಳೇ ಪಂಚೆಯ ತುಂಡು ಸುತ್ತಿ ದಾರ ಬಿಗಿದಿದ್ದರು. ಜೊತೆಗೊಂದು ಚೀಟಿ. "ದಿನಾ ಬೆಳಿಗ್ಗೆ ಬರೀ ಹೊಟ್ಟೇಲಿ ಒಂದು ಚಮಚ. ಬಿಸಿನೀರಿಗೆ ಹಾಕ್ಕೊಂಡು ಕುಡಿ. ಮರೀಬೇಡ ಮಗಾ."

ಹಿತ್ತಲಿನ ಬೇವಿನ ಮರಕ್ಕೆ ಹಬ್ಬಿದ ಅಮೃತಬಳ್ಳಿ ಅದು. ಅವರೇ ಕುಯ್ದು, ನೆರಳಲ್ಲಿ ಒಣಗಿಸಿ, ಕುಟ್ಟಿ, ಜರಡಿ ಹಿಡಿದದ್ದು. ಅವರಿಗೆ ಈಗ 78 ವರ್ಷ. ಮಗನಿಗೆ ಕ್ಯಾನ್ಸರ್ ಅಂತ ಗೊತ್ತಾದ ಮೇಲೆ ಅವರ ಕೈಗೆ ಎಟುಕಿದ್ದು ಅದೊಂದೇ. ಬಾಟಲಿಯನ್ನು ಅಡುಗೆಮನೆಯ ಮೇಲಿನ ಶೆಲ್ಫಿನಲ್ಲಿ ಇಟ್ಟೆ. ಕೊಡೋದಾ ಬೇಡವಾ ಅಂತ ಗೊತ್ತಾಗಲಿಲ್ಲ. ಎಸೆಯೋಕಂತೂ ಮನಸ್ಸು ಬರಲಿಲ್ಲ.

ನಾವಿರುವುದು ಕ್ಯಾಲಿಫೋರ್ನಿಯಾದ ಫ್ರೀಮಾಂಟಿನಲ್ಲಿ. ನಮ್ಮ ಮನೆಯವರಿಗೆ ಎಡಗಡೆ ಕಿಡ್ನಿಯಲ್ಲಿ ಗಡ್ಡೆ ಸಿಕ್ಕಿತು. ಕಿಡ್ನಿಯನ್ನೇ ತೆಗೆದರು. ಗಡ್ಡೆ ಪೂರ್ತಿ ಬಂದಿದೆ, ಆದರೆ ಮತ್ತೆ ಬರುವ ಸಾಧ್ಯತೆ ಜಾಸ್ತಿ ಇರುವ ಜಾತಿ ಅಂದರು ಡಾಕ್ಟರು. ಅದಕ್ಕೆ ಒಂದು ವರ್ಷ ಇಮ್ಯುನೋಥೆರಪಿ. ಔಷಧಿಯ ಹೆಸರು ಪೆಂಬ್ರೋಲಿಜುಮ್ಯಾಬ್. ಮೂರು ವಾರಕ್ಕೊಮ್ಮೆ 200 ಮಿಲಿಗ್ರಾಂ, ಅರ್ಧ ಗಂಟೆಯ ಡ್ರಿಪ್, ಒಟ್ಟು 17 ಸಲ. ಕಿಡ್ನಿ ಆಪರೇಷನ್ ಆದವರಿಗೆ ಹೀಗೆ ಕೊಡಲು ಅಮೆರಿಕದಲ್ಲಿ ಅನುಮತಿ ಸಿಕ್ಕಿದ್ದೇ 2021ರ ನವೆಂಬರಿನಲ್ಲಿ. ಸ್ವಲ್ಪ ಮುಂಚೆ ಈ ಕಾಯಿಲೆ ಬಂದಿದ್ದರೆ ಈ ದಾರಿಯೇ ಇರುತ್ತಿರಲಿಲ್ಲ. ಆ ಲೆಕ್ಕ ನಾನು ಎಷ್ಟೋ ರಾತ್ರಿ ಹಾಕಿದ್ದೇನೆ.

ಇದನ್ನು ಅತ್ತೆಗೆ ಫೋನಲ್ಲಿ ಹೇಗೆ ಹೇಳೋದು? ಕೊನೆಗೆ ತೋಟದ ನಾಯಿಯ ಮಾತು ತೆಗೆದೆ.

"ಅತ್ತೆ, ನಮ್ಮ ತೋಟದಲ್ಲಿ ಕರಿಯ ಅಂತ ನಾಯಿ ಇತ್ತಲ್ವಾ? ಹಗಲೊತ್ತು ಕಟ್ಟಿ ಹಾಕ್ತಿದ್ರಿ. ಮೈಯೊಳಗೂ ಹಾಗೇ ಕಾವಲು ಕಾಯೋ ಕಣಗಳಿವೆ. ಅವುಕ್ಕೂ ಒಂದು ಹಗ್ಗ ಇರುತ್ತೆ, ಸುಮ್ನೆ ಯಾರ ಮೇಲೂ ಬೀಳಬಾರದು ಅಂತ. ಕ್ಯಾನ್ಸರ್ ಆ ಹಗ್ಗ ಹಿಡಿದು ಎಳೆದು ನಾಯೀನ ಸುಮ್ಮನೆ ಕೂರಿಸಿಬಿಡುತ್ತೆ. ಈ ಔಷಧಿ ಆ ಹಗ್ಗ ಬಿಚ್ಚುತ್ತೆ."

ಅತ್ತೆ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಅಂದರು, "ಕರಿಯನ್ನ ಬಿಟ್ರೆ ಹಾಲಿನವನನ್ನೂ ಕಚ್ಚೋದು ಕಣಮ್ಮಾ."

ಇಮ್ಯುನೋಥೆರಪಿಯ ಅಡ್ಡಪರಿಣಾಮ ಏನು ಅಂತ ಇಷ್ಟು ಸರಿಯಾಗಿ ನನಗೆ ಬೇರೆ ಯಾರೂ ಹೇಳಿಲ್ಲ. ಇವರ ಔಷಧಿ ಬಿಚ್ಚುವ ಹಗ್ಗದ ಹೆಸರು ಪಿಡಿ-1. ಅದನ್ನು ಜಪಾನಿನ ಕ್ಯೋಟೋ ವಿಶ್ವವಿದ್ಯಾಲಯದಲ್ಲಿ ತಸುಕು ಹೊಂಜೋ ಅವರ ತಂಡ 1992ರಲ್ಲಿ ಕಂಡುಹಿಡಿಯಿತು. ಸಿಟಿಎಲ್‌ಎ-4 ಅನ್ನುವ ಇನ್ನೊಂದು ಹಗ್ಗದ ಮೇಲೆ ಅಮೆರಿಕದ ಜೇಮ್ಸ್ ಆಲಿಸನ್ ಕೆಲಸ ಮಾಡಿದರು. ಇಬ್ಬರಿಗೂ 2018ರ ನೊಬೆಲ್ ಬಂತು. ಅಮೆರಿಕದ ಮಾಜಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಅವರಿಗೆ 2015ರಲ್ಲಿ ಮೆಲನೋಮ ಅನ್ನುವ ಚರ್ಮದ ಕ್ಯಾನ್ಸರ್ ಮಿದುಳಿಗೆ ಹರಡಿದಾಗ ಕೊಟ್ಟ ಔಷಧಿಗಳಲ್ಲಿ ಇದೇ ಪೆಂಬ್ರೋಲಿಜುಮ್ಯಾಬ್ ಇತ್ತು. ಆಮೇಲೆ ಅವರು ನೂರು ವರ್ಷ ತುಂಬಿಸಿ ಹೋದರು. ಹಗ್ಗ ಬಿಚ್ಚಿದ ನಾಯಿ ಕಳ್ಳನನ್ನು ಹಿಡಿದರೆ ಹಾಗೆ. ಮನೆಯವರ ಮೇಲೇ ತಿರುಗಿದರೆ ಕರುಳು, ಲಿವರ್, ಶ್ವಾಸಕೋಶ, ಥೈರಾಯ್ಡ್, ಕೀಲು, ಚರ್ಮ, ಎಲ್ಲಿ ಬೇಕಾದರೂ ಉರಿಯೂತ ಆಗಬಹುದು. ಕೆಲವರಿಗೆ ಹೃದಯದ ಸ್ನಾಯುವಿಗೂ.

ಇವರಿಗೆ ಮೂರನೇ ಡ್ರಿಪ್ ಆದ ಮೇಲೆ ಕೀಲು ಹಿಡಿದುಕೊಂಡಿತು. ಬೆಳಿಗ್ಗೆ ಎದ್ದರೆ ಬೆರಳು ಮಡಚಲು ಆಗುತ್ತಿರಲಿಲ್ಲ. ಹಾಲಿನ ಕ್ಯಾನಿನ ಮುಚ್ಚಳ ತೆಗೆಯಲು ನನ್ನ ಕಡೆ ಚಾಚುತ್ತಿದ್ದರು, ಮಾತಾಡದೆ. ರಾತ್ರಿ ನಿದ್ದೆ ಇಲ್ಲ. ಊಟದ ವಾಸನೆಗೆ ಹೊಟ್ಟೆ ತೊಳಸುವುದು. ಇರುವುದು ಒಂದೇ ಕಿಡ್ನಿ, ಹಾಗಾಗಿ ಐಬುಪ್ರೊಫೆನ್ ಥರದ ನೋವಿನ ಮಾತ್ರೆಗಳು ಬೇಡ ಅಂದರು. ಸ್ಟೀರಾಯ್ಡ್ ಕೊಟ್ಟರೆ ಕೀಲಿನ ಉರಿಯೂತ ಇಳಿಯುತ್ತೆ, ಆದರೆ ಬಿಚ್ಚಿದ ಹಗ್ಗವನ್ನು ಮತ್ತೆ ಕಟ್ಟಿದ ಹಾಗಾಗಬಹುದು. ನಿಜವಾಗಿ ಬೇಕಾದಾಗ ಅದನ್ನು ಕೊಡಲೇಬೇಕು, ಹಿಂದೆಮುಂದೆ ನೋಡಬಾರದು. ಇಷ್ಟು ನೋವಿಗೆ ಈಗಲೇ ಬೇಡ ಅಂದರು ಡಾಕ್ಟರು. ಆಮೇಲೆ ನರ್ಸ್ ಒಬ್ಬರು ಕೇಳಿದರು, ಚೀನಾದ ಸೂಜಿ ಚಿಕಿತ್ಸೆ, ಅಕ್ಯುಪಂಕ್ಚರ್ ನೋಡ್ತೀರಾ? ಡಾಕ್ಟರೂ ಹೂಂ ಅಂದರು. ರಕ್ತದ ರಿಪೋರ್ಟಿನಲ್ಲಿ ಪ್ಲೇಟ್‌ಲೆಟ್ ಮತ್ತು ಬಿಳಿ ರಕ್ತಕಣದ ಲೆಕ್ಕ ನೋಡಿದ ಮೇಲೆಯೇ ಹೂಂ ಅಂದದ್ದು. ಅದು ಮುಖ್ಯ. ಪ್ಲೇಟ್‌ಲೆಟ್ ತುಂಬ ಕಡಿಮೆ ಇದ್ದರೆ ರಕ್ತ ನಿಲ್ಲದೆ ಹೋಗಬಹುದು, ಬಿಳಿ ಕಣ ಕಡಿಮೆ ಇದ್ದರೆ ಸೋಂಕಿನ ಭಯ.

ಒಂದು ಸ್ಟ್ರಿಪ್ ಮಾಲ್‌ನಲ್ಲಿ, ಬೋಬಾ ಟೀ ಅಂಗಡಿಯ ಪಕ್ಕದ ಸಣ್ಣ ಕ್ಲಿನಿಕ್. ಬಾಗಿಲು ತೆಗೆದ ತಕ್ಷಣ ನಾನು ನಿಂತುಬಿಟ್ಟೆ. ಆ ವಾಸನೆ! ಗೌರಿ ಹಬ್ಬದ ಹಿಂದಿನ ದಿನ ಹಾಸನದ ಕಟ್ಟಿನಕೆರೆ ಮಾರ್ಕೆಟ್ಟಿನಲ್ಲಿ ಪತ್ರೆ ಮಾರುವವರ ಬುಟ್ಟಿಗೆ ಬಗ್ಗಿದರೆ ಬರುತ್ತಲ್ಲ, ಅದೇ. ಮಾಚಿಪತ್ರೆ. ಗಣೇಶನ 21 ಪತ್ರೆಗಳಲ್ಲಿ ಮೊದಲನೆಯದು. ಚೀನಾದವರು ಅದೇ ಕುಲದ ಗಿಡವನ್ನು ಒಣಗಿಸಿ, ಹತ್ತಿಯ ಹಾಗೆ ಮಾಡಿ, ಬತ್ತಿ ಸುತ್ತಿ, ಹೊತ್ತಿಸಿ ಮೈಯ ಹತ್ತಿರ ಹಿಡಿಯುತ್ತಾರೆ. ಅದಕ್ಕೆ ಮಾಕ್ಸಾ ಅನ್ನುತ್ತಾರೆ. ನಮ್ಮ ದವನವೂ ಅದೇ ಆರ್ಟಿಮೀಸಿಯ ಕುಲ. ಮಲೇರಿಯಾದ ಆರ್ಟಿಮಿಸಿನಿನ್ ಬಂದದ್ದೂ ಆ ಕುಲದ ಇನ್ನೊಂದು ಗಿಡದಿಂದ. ನಾಲ್ಕನೇ ಶತಮಾನದ ಗೆ ಹಾಂಗ್ ಎಂಬ ವೈದ್ಯ ಆ ಗಿಡವನ್ನು ನೀರಲ್ಲಿ ನೆನೆಸಿ ಹಿಂಡಿ ಕುಡಿಯಿರಿ ಅಂತ ಬರೆದಿದ್ದ. ಅದನ್ನು ಓದಿ, ಕುದಿಸಿದರೆ ಗುಣ ಹೋಗುತ್ತಿರಬಹುದು ಅಂತ ಊಹಿಸಿದವರು ತು ಯೂಯೂ. ಅವರಿಗೆ 2015ರಲ್ಲಿ ನೊಬೆಲ್ ಬಂತು. ಒಂದು ವಾಸನೆ ಹಿಡಿದು ಎಲ್ಲಿಂದೆಲ್ಲಿಗೆ ಹೋದೆ ನೋಡಿ. ಆದರೆ ಆವತ್ತು ಆ ಬಾಗಿಲಲ್ಲಿ ನನಗೆ ಧೈರ್ಯ ಬಂದದ್ದು ಆ ವಾಸನೆಯಿಂದಲೇ.

ಸೂಜಿ ಹಾಕುವವರು ಅರವತ್ತು ದಾಟಿದ ಹೆಂಗಸು. ಚೀನಾದ ಚೆಂಗ್ಡುವಿನವರು. ಕ್ಯಾಲಿಫೋರ್ನಿಯಾದ ಲೈಸೆನ್ಸ್ ಗೋಡೆಯ ಮೇಲಿತ್ತು. ಅತ್ತೆ ಅವರಿಗೆ ಇಟ್ಟ ಹೆಸರು ಸೂಜಿ ಡಾಕ್ಟರಮ್ಮ. ನಾನೂ ಹಾಗೇ ಕರೆಯುತ್ತೇನೆ. ಇವರ ಹಿಂದಿನ ಡ್ರಿಪ್‌ಗಳ ತಾರೀಕು, ಮುಂದಿನ ತಾರೀಕು, ರಕ್ತದ ರಿಪೋರ್ಟು ಎಲ್ಲ ಕೇಳಿ ಬರೆದುಕೊಂಡರು. ಮಾಕ್ಸಾ ಇವರಿಗೆ ಹೊತ್ತಿಸಲ್ಲ ಅಂದರು. ಈ ಔಷಧಿ ಶ್ವಾಸಕೋಶಕ್ಕೆ ಉರಿಯೂತ ತರಬಲ್ಲದು, ಹೊಗೆ ಯಾಕೆ ಬೇಕು ಅಂತ.

ಆಮೇಲೆ ನಾಲಿಗೆ ನೋಡಿದರು. ಎರಡೂ ಕೈಯ ನಾಡಿ ನೋಡಿದರು. ತೋರುಬೆರಳು, ನಡುಬೆರಳು, ಉಂಗುರ ಬೆರಳು, ಮೂರನ್ನೂ ಸಾಲಾಗಿ ಮಣಿಕಟ್ಟಿನ ಮೇಲೆ ಇಟ್ಟು, ಕಣ್ಣು ಮುಚ್ಚಿಕೊಂಡು. ನಮ್ಮೂರ ಪಂಡಿತರು ವಾತ, ಪಿತ್ತ, ಕಫ ಅಂತ ಮೂರು ಬೆರಳಿಡುವುದನ್ನು ನೋಡಿ ಬೆಳೆದವಳು ನಾನು. ಇವರ ಮೂರು ಬೆರಳಿಗೆ ಬೇರೆ ಹೆಸರು, ಬೇರೆ ಲೆಕ್ಕ. ಆದರೆ ಕೈ ಹಿಡಿಯುವ ರೀತಿ ಒಂದೇ. ಎರಡು ನಿಮಿಷ ಒಬ್ಬರು ನಿಮ್ಮ ಕೈ ಹಿಡಿದು, ಬೇರೆ ಏನೂ ಮಾಡದೆ, ನಿಮ್ಮನ್ನೇ ಕೇಳಿಸಿಕೊಳ್ಳುವುದು. ಆಸ್ಪತ್ರೆಗೆ ಹೋಗಿ ಬಂದ ಅಷ್ಟೂ ತಿಂಗಳಲ್ಲಿ ಇವರಿಗೆ ಅದು ಸಿಕ್ಕಿರಲಿಲ್ಲ.

ಸೂಜಿ ಕೂದಲಿಗಿಂತ ಸ್ವಲ್ಪವೇ ದಪ್ಪ. ರಕ್ತ ತೆಗೆಯುವ ಸೂಜಿಯ ಹಾಗೆ ಒಳಗೆ ತೂತಿಲ್ಲ. ಒಂದೊಂದೂ ಬೇರೆ ಬೇರೆ ಪ್ಯಾಕೆಟ್ಟಿನಲ್ಲಿ, ಒಮ್ಮೆ ಬಳಸಿ ಎಸೆಯುವಂಥದ್ದು. ಸ್ಪಿರಿಟ್ಟಿನಲ್ಲಿ ಚರ್ಮ ಒರೆಸಿ, ಸಣ್ಣ ಪ್ಲಾಸ್ಟಿಕ್ ಕೊಳವೆ ಇಟ್ಟು, ಸೂಜಿಯ ತಲೆಗೆ ಬೆರಳಿಂದ ಟಪ್ ಅಂತ ಒಂದು ತಟ್ಟು. ಇವರ ಮುಷ್ಟಿ ಬಿಗಿಯಾಗಿತ್ತು. ಮೊದಲ ಸೂಜಿ ಒಳ ಮಣಿಕಟ್ಟಿನ ಗೆರೆಯಿಂದ ಮೂರು ಬೆರಳು ಮೇಲೆ, ಎರಡು ನರದಂಥ ಸ್ನಾಯುಗಳ ಮಧ್ಯೆ. ಅದಕ್ಕೆ ನೇಯ್‌ಗ್ವಾನ್ ಅಂತ ಹೆಸರು. ವಾಂತಿ, ಹೊಟ್ಟೆ ತೊಳಸುವುದಕ್ಕೆ. ಎರಡನೆಯದು ಮಂಡಿಯ ಕೆಳಗೆ, ಕೆಳಗಾಲಿನ ಮೂಳೆಯ ಹೊರಬದಿ. ಅದು ಝೂಸಾನ್‌ಲಿ. ಸೋತ ಕಾಲು ಇನ್ನೂ ಮೂರು ಲಿ ದೂರ ನಡೆಯುತ್ತದೆ ಅಂತ ಆ ಹೆಸರಂತೆ. "ಚುಚ್ಚಿದ ಹಾಗಿಲ್ಲ, ಒಳಗೆ ಜೋಮು ಹಿಡಿದ ಹಾಗೆ ಭಾರ ಆಗ್ತಿದೆ," ಅಂದರು ಇವರು. ಸೂಜಿ ಡಾಕ್ಟರಮ್ಮ ತಲೆ ಆಡಿಸಿದರು. ಹಾಗೆ ಆಗಬೇಕು ಅಂತ.

ಒಟ್ಟು 12 ಸೂಜಿ. ಕಾಲಿನ ಮೇಲೆ ಬಿಸಿ ದೀಪ. ಲೈಟ್ ಆರಿಸಿ ಹೋದರು. ನಾನು ಮೂಲೆಯ ಕುರ್ಚಿಯಲ್ಲಿ ಕೂತಿದ್ದೆ. ಹತ್ತು ನಿಮಿಷಕ್ಕೆ ಒಂದು ಸದ್ದು ಕೇಳಿತು. ಗೊರಕೆ. ಮೂರು ವಾರದಿಂದ ರಾತ್ರಿಯಿಡೀ ಎದ್ದು ಹಾಲ್‌ನಲ್ಲಿ ಓಡಾಡುತ್ತಿದ್ದ ಮನುಷ್ಯ ಮೈತುಂಬ ಸೂಜಿ ಇಟ್ಟುಕೊಂಡು ಮಲಗಿದ್ದರು. ನನಗೆ ಅಳು ತಡೆಯಲಾಗಲಿಲ್ಲ.

ಇದು ಕೆಲಸ ಮಾಡುತ್ತದಾ ಅಂತ ಕೇಳುವವರಿಗೆ ನನಗೆ ತಿಳಿದಷ್ಟು ಹೇಳುತ್ತೇನೆ. ಪಶ್ಚಿಮದವರ ಕಣ್ಣಿಗೆ ಅಕ್ಯುಪಂಕ್ಚರ್ ದೊಡ್ಡದಾಗಿ ಬಿದ್ದದ್ದು 1971ರ ಜುಲೈನಲ್ಲಿ. ನ್ಯೂಯಾರ್ಕ್ ಟೈಮ್ಸ್‌ನ ಜೇಮ್ಸ್ ರೆಸ್ಟನ್ ಪೀಕಿಂಗಿನಲ್ಲಿದ್ದಾಗ ಅಪೆಂಡಿಕ್ಸ್ ಆಪರೇಷನ್ ಆಯಿತು. ಆಮೇಲಿನ ಹೊಟ್ಟೆ ಸಂಕಟಕ್ಕೆ ಸೂಜಿ ಹಾಕಿಸಿಕೊಂಡು ಅದನ್ನೇ ಬರೆದರು. ನಮ್ಮ ದೇಶಕ್ಕೆ ಅದು ಅದಕ್ಕೂ ಮುಂಚೆ ಬಂದಿತ್ತು. 1938ರಲ್ಲಿ ಚೀನಾಕ್ಕೆ ಹೋದ, ಡಾಕ್ಟರ್ ಕೋಟ್ನಿಸ್ ಕೂಡ ಇದ್ದ ಐವರು ಭಾರತೀಯ ವೈದ್ಯರಲ್ಲಿ ಒಬ್ಬರಾದ ಬಿ.ಕೆ. ಬಸು ಆಮೇಲೆ 1950ರ ದಶಕದ ಕೊನೆಗೆ ಮತ್ತೆ ಹೋಗಿ ಕಲಿತು ಬಂದು ಕಲ್ಕತ್ತೆಯಲ್ಲಿ ಶುರು ಮಾಡಿದರು.

1997ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ ಕರೆದ ತಜ್ಞರ ಸಮಿತಿ, ಆಪರೇಷನ್ ಮತ್ತು ಕೀಮೋಥೆರಪಿಯ ವಾಂತಿಗೆ ಇದು ಉಪಯೋಗ ಅಂತ ಹೇಳಿತು. ಸ್ತನ ಕ್ಯಾನ್ಸರಿನ ಮಾತ್ರೆಯಿಂದ ಕೀಲುನೋವು ಬಂದ 226 ಹೆಂಗಸರ ಮೇಲೆ ನಡೆದ ಪರೀಕ್ಷೆಯ ಫಲಿತಾಂಶ 2018ರಲ್ಲಿ ಬಂತು. ನಿಜವಾದ ಸೂಜಿ ಹಾಕಿಸಿಕೊಂಡವರಿಗೆ ಉಳಿದವರಿಗಿಂತ ನೋವು 10ಕ್ಕೆ ಸುಮಾರು ಒಂದು ಅಂಕದಷ್ಟು ಹೆಚ್ಚು ಇಳಿದಿತ್ತು. 2021ರಲ್ಲಿ ನ್ಯೂಯಾರ್ಕಿನ ಸ್ಲೋನ್ ಕೆಟರಿಂಗ್ ಆಸ್ಪತ್ರೆಯ ಜುನ್ ಮಾವ್ ಅವರ ತಂಡ, ಕ್ಯಾನ್ಸರ್ ದಾಟಿ ಬಂದರೂ ನೋವು ಉಳಿದಿದ್ದ 360 ಜನರನ್ನು ನೋಡಿತು. ಅಲ್ಲೂ ಮಾಮೂಲಿ ಆರೈಕೆಗಿಂತ ಸೂಜಿಗೆ ನೋವು ಚೆನ್ನಾಗಿ ಇಳಿಯಿತು.

ನನ್ನನ್ನು ಯೋಚನೆಗೆ ಹಚ್ಚಿದ್ದು ಇನ್ನೊಂದು ಪರೀಕ್ಷೆ. ರೇಡಿಯೇಷನ್ನಿಂದ ಬಾಯಿ ಒಣಗುವ ರೋಗಿಗಳಿಗೆ ಹ್ಯೂಸ್ಟನ್ ಮತ್ತು ಶಾಂಘೈ ಎರಡೂ ಕಡೆ ಒಂದೇ ರೀತಿ ಮಾಡಿದರು. ಕೆಲವರಿಗೆ ನಿಜವಾದ ಸೂಜಿ, ಕೆಲವರಿಗೆ ಸುಳ್ಳು ಸೂಜಿ. ಶಾಂಘೈನಲ್ಲಿ ನಿಜವಾದದ್ದೇ ಗೆದ್ದಿತು. ಹ್ಯೂಸ್ಟನ್ನಿನಲ್ಲಿ ಸುಳ್ಳು ಸೂಜಿಗೂ ಹೆಚ್ಚುಕಡಿಮೆ ಅಷ್ಟೇ ಗುಣ ಸಿಕ್ಕಿತು. ಅಂದರೆ ಸೂಜಿ ಎಷ್ಟು ಕೆಲಸ ಮಾಡುತ್ತದೋ, ಯಾರೋ ಒಬ್ಬರು ಹತ್ತಿರ ಕೂತು ಕೈ ಹಿಡಿಯುವುದೂ ಎಷ್ಟೋ ಕೆಲಸ ಮಾಡುತ್ತದೆ. ನನಗೆ ಅದರಿಂದ ಬೇಸರ ಆಗಲಿಲ್ಲ. ನೋವು ಇಳಿದವರಿಗೆ ನೋವು ಇಳಿದದ್ದು ನಿಜ ತಾನೇ. ಇವೆಲ್ಲ ಕೀಮೋ, ರೇಡಿಯೇಷನ್, ಹಾರ್ಮೋನ್ ಮಾತ್ರೆಯವರ ಮೇಲಿನ ಪರೀಕ್ಷೆಗಳು. ಇಮ್ಯುನೋಥೆರಪಿಯವರ ಮೇಲೇ ನಡೆದ ದೊಡ್ಡ ಪರೀಕ್ಷೆಗಳು ಇನ್ನೂ ಕಡಿಮೆ. ಸೂಜಿ ಗಡ್ಡೆ ಕರಗಿಸುತ್ತೆ, ಔಷಧಿಯ ಬಲ ಹೆಚ್ಚಿಸುತ್ತೆ ಅಂತ ಯಾರಾದರೂ ದುಡ್ಡು ಕೇಳಿದರೆ ಅಲ್ಲಿಂದ ಎದ್ದು ಬನ್ನಿ. ನಾವು ಹೋದದ್ದು ಬೆರಳು ಮಡಚಲಿ, ನಿದ್ದೆ ಬರಲಿ ಅಂತ. ಆರು ವಾರದ ಹೊತ್ತಿಗೆ ಹಾಲಿನ ಕ್ಯಾನು ಅವರೇ ತೆಗೆಯುತ್ತಿದ್ದರು.

ಎರಡನೇ ಸಲ ಹೋದಾಗ ಸೂಜಿ ಡಾಕ್ಟರಮ್ಮ ಇನ್ನೊಂದು ಪ್ರಶ್ನೆ ಕೇಳಿದರು. ಮನೆಯಲ್ಲಿ ಬೇರೆ ಏನು ಕುಡಿಯುತ್ತೀರಿ? ಟೀ, ಕಷಾಯ, ಪುಡಿ, ಏನಾದರೂ?

ಇವರು ನನ್ನ ಮುಖ ನೋಡಿದರು. ಆಮೇಲೆ ನೆಲ ನೋಡಿದರು. "ಅಮ್ಮ ಕಳಿಸಿದ ಪುಡಿ. ದಿನಾ ಬೆಳಿಗ್ಗೆ ಒಂದು ಚಮಚ."

ನಾನು ಮೇಲಿನ ಶೆಲ್ಫಿಗೆ ಎತ್ತಿಟ್ಟಿದ್ದ ಬಾಟಲಿ. ನಾನು ಏಳುವ ಮುಂಚೆ ಎದ್ದು, ನೋವಿನ ಬೆರಳಲ್ಲಿ ಆ ದಾರ ಬಿಚ್ಚಿ, ಕುಡಿದು, ಮತ್ತೆ ಕಟ್ಟಿಡುತ್ತಿದ್ದರಂತೆ. ಸುಮಾರು ಮೂರು ವಾರದಿಂದ. ಅಮ್ಮ ಫೋನಲ್ಲಿ ಕೇಳಿದಾಗ ಸುಳ್ಳು ಹೇಳಲು ಆಗುವುದಿಲ್ಲವಲ್ಲ ಅಂತ.

ಸೂಜಿ ಡಾಕ್ಟರಮ್ಮ ಕೈಯಲ್ಲಿದ್ದ ಪ್ಯಾಕೆಟ್ ಕೆಳಗಿಟ್ಟರು. ಇವತ್ತೇ ನಿಮ್ಮ ಕ್ಯಾನ್ಸರ್ ಡಾಕ್ಟರಿಗೆ ಫೋನ್ ಮಾಡಿ ಹೇಳಿ, ನಾಳೆ ಅಂತ ಇಡಬೇಡಿ ಅಂದರು. ಅವರ ಗೋಡೆಯ ತುಂಬ ಸಣ್ಣ ಸಣ್ಣ ಮರದ ಡ್ರಾಯರುಗಳು. ಒಳಗೆ ಬೇರು, ತೊಗಟೆ, ಒಣಗಿದ ಹಣ್ಣು. ಅದೇ ಅವರ ವಿದ್ಯೆ, ಅದೇ ಅವರ ಸಂಪಾದನೆ. ಆದರೂ ಇಮ್ಯುನೋಥೆರಪಿ ನಡೆಯುತ್ತಿರುವವರಿಗೆ ಅದರಲ್ಲಿ ಒಂದು ಎಲೆಯನ್ನೂ ಕೊಡುವುದಿಲ್ಲ, ಕ್ಯಾನ್ಸರ್ ಡಾಕ್ಟರು ಬರೆದು ಕೊಟ್ಟ ಹೊರತು. ಸೂಜಿ ತೆಗೆದರೆ ತೆಗೆದ ಹಾಗೆ, ಹೊಟ್ಟೆಗೆ ಹೋದದ್ದನ್ನು ವಾಪಸ್ ತೆಗೆಯಲು ಆಗಲ್ಲ ಅಂದರು.

ಯಾಕೆ ಅಷ್ಟು ಭಯ ಅಂತ ಆಮೇಲೆ ಓದಿದಾಗ ತಿಳಿಯಿತು. ಚೀನಾದ ಹಳೆಯ ಕಷಾಯ ಒಂದಿದೆ. ಜಪಾನಿನಲ್ಲಿ ಅದಕ್ಕೆ ಶೋ-ಸೈಕೋ-ತೋ ಅನ್ನುತ್ತಾರೆ. ಲಿವರ್ ಕಾಯಿಲೆಗೆ ಅಲ್ಲಿ ಡಾಕ್ಟರುಗಳೇ ಬರೆದು ಕೊಡುತ್ತಿದ್ದರು. ಅದೇ ರೋಗಿಗಳಿಗೆ ಇಂಟರ್‌ಫೆರಾನ್ ಕೂಡ ಕೊಡುತ್ತಿದ್ದರು. ಇಂಟರ್‌ಫೆರಾನ್ ಸಹ ರೋಗನಿರೋಧಕ ಶಕ್ತಿಯನ್ನು ಕೆರಳಿಸುವ ಔಷಧಿ. ಕೆಲವರಿಗೆ ಶ್ವಾಸಕೋಶದ ಉರಿಯೂತ ಶುರುವಾಯಿತು. ಎರಡನ್ನೂ ಒಟ್ಟಿಗೆ ಕೊಡಬಾರದು ಅಂತಾಯಿತು. 1996ರಲ್ಲಿ, ಆ ಕಷಾಯ ಕುಡಿದವರಲ್ಲಿ 10 ಜನ ತೀರಿಕೊಂಡಿದ್ದಾರೆ ಅಂತ ಜಪಾನ್ ಸರ್ಕಾರ ಎಚ್ಚರಿಕೆ ಹೊರಡಿಸಿತು. ನೂರಾರು ವರ್ಷ ಜನ ಕುಡಿದ ಕಷಾಯ ಅದು. ಆ ನೂರಾರು ವರ್ಷದಲ್ಲಿ ಪಕ್ಕದಲ್ಲಿ ಇಂಟರ್‌ಫೆರಾನ್ ಇರಲಿಲ್ಲ.

ಅಮೃತಬಳ್ಳಿಯ ಕಥೆಯೂ ದೂರದ್ದಲ್ಲ. ಕೋವಿಡ್ ಹೊತ್ತಿನಲ್ಲಿ ನಮ್ಮ ಕಡೆ ಯಾವ ಮನೆಯಲ್ಲಿ ಕಷಾಯ ಕುದಿಯಲಿಲ್ಲ ಹೇಳಿ? ಇಮ್ಯುನಿಟಿ ಹೆಚ್ಚಲಿ ಅಂತ. ಅಮೃತಬಳ್ಳಿ ಕುಡಿದು ಲಿವರ್ ಕೆಟ್ಟು ಬಂದ ಆರು ಜನರ ಬಗ್ಗೆ ಮುಂಬಯಿಯ ವೈದ್ಯರು 2021ರಲ್ಲಿ ವರದಿ ಮಾಡಿದರು. ಮೈಯ ಕಾವಲು ಕಣಗಳೇ ಲಿವರ್ ಮೇಲೆ ಬಿದ್ದ ಲಕ್ಷಣ ಅವರಲ್ಲಿ ಕಂಡಿತ್ತು. ಬರೀ ಗಿಡದಿಂದಲೇ ಹೀಗೆ ಆಗಬಹುದಾದರೆ, ಹಗ್ಗ ಬಿಚ್ಚಿದ ನಾಯಿಯ ಮುಂದೆ ಅದನ್ನು ಇಟ್ಟರೆ? ಇಮ್ಯುನಿಟಿ ಬೂಸ್ಟರ್ ಅನ್ನುವ ಮಾತು ಕೇಳಿದರೆ ಈಗ ನನ್ನ ಹೊಟ್ಟೆ ಹಿಂಡುತ್ತದೆ. ಇವರಿಗೆ ಬೇಕಾದದ್ದು ಇನ್ನಷ್ಟು ಬೂಸ್ಟ್ ಆಗಿರಲಿಲ್ಲ.

ಮಾರನೇ ದಿನ ರಕ್ತ ತೆಗೆದರು. ಲಿವರಿಗೆ ಪೆಟ್ಟಾದರೆ ರಕ್ತದಲ್ಲಿ ಏರುವ ಎಎಲ್‌ಟಿ ಸುಮಾರು 40ರ ಒಳಗೆ ಇರಬೇಕು. 168 ಬಂತು.

ಡಾಕ್ಟರು ಬೈಯಲಿಲ್ಲ. ಬೈದಿದ್ದರೆ ವಾಸಿ ಅನ್ನಿಸಿತು. ಮೃದುವಾಗಿಯೇ ಹೇಳಿದರು. ಇದು ಪೆಂಬ್ರೋಲಿಜುಮ್ಯಾಬ್ ಮಾಡಿದ್ದಾ, ಪುಡಿ ಮಾಡಿದ್ದಾ, ಎರಡೂ ಸೇರಿಯಾ, ಈಗ ಹೇಳೋಕಾಗಲ್ಲ. ಪುಡಿ ಇರದಿದ್ದರೆ ಮುಂದಿನ ಹೆಜ್ಜೆ ನನಗೆ ಸ್ಪಷ್ಟವಾಗಿರುತ್ತಿತ್ತು. ಡ್ರಿಪ್ ನಿಲ್ಲಿಸಿದರು. ಪುಡಿ ನಿಲ್ಲಿಸಿದರು. ಪ್ರೆಡ್ನಿಸೋನ್ ಅನ್ನುವ ಸ್ಟೀರಾಯ್ಡ್ ಶುರು ಮಾಡಿದರು. ಐದು ವಾರಕ್ಕೆ ಲಿವರ್ ಸರಿಹೋಯಿತು. ಎರಡು ಡ್ರಿಪ್ ಮುಂದಕ್ಕೆ ಹೋದವು. ಆ ಐದು ವಾರ ನಮ್ಮ ಮನೆಯಲ್ಲಿ ಟಿವಿ ಸದ್ದು ಬಿಟ್ಟರೆ ಬೇರೆ ಸದ್ದಿರಲಿಲ್ಲ. ಯಾವುದು ಕಾರಣ ಅಂತ ಇವತ್ತಿಗೂ ಯಾರಿಗೂ ಹೇಳಲಾಗದು. ಗಿಡಮೂಲಿಕೆ ಎಲ್ಲ ವಿಷ ಅಂತ ನಾನು ಹೇಳುತ್ತಿಲ್ಲ. ಏನು ನಡೆಯುತ್ತಿದೆ ಅಂತ ನೋಡಬೇಕಾದವರ ಕಣ್ಣಿಗೆ ನಾವೇ ಮಂಜು ಕವಿಸಿಬಿಟ್ಟೆವು. ಅದು ನನ್ನನ್ನು ಕಾಡಿದ್ದು.

ಊರಲ್ಲಿರುವವರಿಗೆ ಇದು ಇನ್ನೂ ದೊಡ್ಡ ಮಾತು. ಅಲ್ಲಿ ಈ ಔಷಧಿಗಳಿಗೆ ಎಷ್ಟೋ ಜನ ಸೈಟು ಮಾರಿ, ಒಡವೆ ಇಟ್ಟು ದುಡ್ಡು ಹೊಂದಿಸುತ್ತಾರೆ. ಅದಕ್ಕೇ ಮುಂಬಯಿಯ ಟಾಟಾ ಮೆಮೋರಿಯಲ್ ವೈದ್ಯರು ತಲೆ ಮತ್ತು ಕುತ್ತಿಗೆಯ ಕ್ಯಾನ್ಸರಿಗೆ ಇದೇ ಜಾತಿಯ ಔಷಧಿ ನಿವೊಲುಮ್ಯಾಬ್ ಅನ್ನು ಬರೀ 20 ಮಿಲಿಗ್ರಾಂ ಕೊಟ್ಟು ನೋಡಿದರು. ಮಾಮೂಲಿ ಪ್ರಮಾಣದ ಹತ್ತನೇ ಒಂದು ಭಾಗವೂ ಅಲ್ಲ. ಕಡಿಮೆ ಖರ್ಚಿನ ಮಾತ್ರೆಗಳ ಜೊತೆ ಅದನ್ನು ಸೇರಿಸಿದಾಗ ಒಂದು ವರ್ಷ ಬದುಕಿದವರು ಶೇಕಡ 16ರಿಂದ 43ಕ್ಕೆ ಏರಿದರು. 2023ರ ಸುದ್ದಿ ಇದು. ಅಷ್ಟು ಕಷ್ಟಪಟ್ಟು ಹೊಂದಿಸಿದ ಒಂದು ಡೋಸು, ಹೇಳದೆ ಕುಡಿದ ಒಂದು ಚಮಚ ಪುಡಿಯಿಂದ ತಪ್ಪಬಾರದು.

ಚೀನೀ ಔಷಧಿಗಳಿಂದ ಕ್ಯಾನ್ಸರಿಗೆ ಏನೂ ಬಂದಿಲ್ಲ ಅಂತಲ್ಲ. ಹಾರ್ಬಿನ್‌ನ ವೈದ್ಯರು 1970ರ ದಶಕದಲ್ಲಿ, ಹಳ್ಳಿಯ ಔಷಧಿಯೊಂದನ್ನು ಹಿಡಿದು ಹೋಗಿ, ಅದರೊಳಗಿನ ಪಾಷಾಣವೇ (ಆರ್ಸೆನಿಕ್) ಒಂದು ಬಗೆಯ ರಕ್ತದ ಕ್ಯಾನ್ಸರನ್ನು ಗುಣಪಡಿಸುತ್ತದೆ ಅಂತ ತೋರಿಸಿದರು. ಅದು ಈಗ ಎಲ್ಲ ಕಡೆ ಆ ಕಾಯಿಲೆಯ ಮುಖ್ಯ ಔಷಧಿ. ಯೇಲ್ ವಿಶ್ವವಿದ್ಯಾಲಯದಲ್ಲಿ ಯುಂಗ್-ಚಿ ಚೆಂಗ್ ಅವರು 1800 ವರ್ಷ ಹಳೆಯ ಕಷಾಯವೊಂದನ್ನು ವರ್ಷಗಟ್ಟಲೆ ಪರೀಕ್ಷೆ ಮಾಡುತ್ತಾ ಬಂದಿದ್ದಾರೆ. ಅದರ ನಾಲ್ಕು ಸಾಮಾನಿನಲ್ಲಿ ಜೇಷ್ಠಮಧು, ಬೋರೆಹಣ್ಣಿನ ಜಾತಿಯ ಹಣ್ಣು ಎರಡೂ ಇವೆ. ಕೀಮೋ ಕೊಟ್ಟ ಇಲಿಗಳ ಕರುಳಿಗೆ ಅದರಿಂದ ಅನುಕೂಲ ಆಗಿದೆ. ಪ್ರತಿ ಸಲವೂ ಕಷಾಯ ಒಂದೇ ಥರ ಬರುವ ಹಾಗೆ ಅಳತೆ ಇಟ್ಟು, ಆಮೇಲೆ ಮನುಷ್ಯರ ಮೇಲೆ ಹೆಜ್ಜೆ ಹೆಜ್ಜೆಯಾಗಿ ನೋಡುವ ಕೆಲಸ ಅದು. ಆ ತಾಳ್ಮೆ ನನಗೆ ತುಂಬ ಇಷ್ಟವಾಯಿತು.

ಇನ್ನೊಂದು ವಿಷಯ ಹೇಳಲೇಬೇಕು. ಒಂಬತ್ತನೇ ಡ್ರಿಪ್ ಆದ ಮೇಲೆ ಇವರಿಗೆ ಬೇರೆ ಥರದ ಸುಸ್ತು ಬಂತು. ಜುಲೈನಲ್ಲಿ ಸ್ವೆಟರ್ ಹಾಕಿಕೊಂಡು ಕೂರುತ್ತಿದ್ದರು. ಮಾತು ನಿಧಾನ. ಸೂಜಿಗೆ ಹೋದರೆ ಸರಿಹೋಗುತ್ತೆ ಅಂತ ನಾನೇ ಕರೆದುಕೊಂಡು ಹೋದೆ. ಅವರು ನಾಡಿ ಹಿಡಿದರು. ಬಹಳ ಹೊತ್ತು ಹಿಡಿದರು. "ಛಿ, ಅಂದರೆ ಮೈಯ ಜೀವಶಕ್ತಿ, ಕಡಿಮೆ ಇದೆ," ಅಂದರು, "ಆದರೆ ಮೊದಲು ರಕ್ತ ಪರೀಕ್ಷೆ." ಸೂಜಿ ಹಾಕದೆ ವಾಪಸ್ ಕಳಿಸಿದರು. ದುಡ್ಡೂ ತೆಗೆದುಕೊಳ್ಳಲಿಲ್ಲ. ಥೈರಾಯ್ಡ್ ಸೋತಾಗ ಏರುವ ಟಿಎಸ್‌ಎಚ್ ನೋಡಿದರೆ ಆಕಾಶಕ್ಕೆ ಏರಿತ್ತು. ಥೈರಾಯ್ಡ್ ಕೆಲಸ ನಿಲ್ಲಿಸಿತ್ತು. ಈ ಔಷಧಿಗೆ ಆಗಾಗ ಆಗುವಂಥದ್ದೇ ಅದು. ದಿನಕ್ಕೊಂದು ಮಾತ್ರೆ ಶುರುವಾಯಿತು, ಜೀವನಪೂರ್ತಿ. ಎರಡು ತಿಂಗಳಲ್ಲಿ ಮನುಷ್ಯ ಮತ್ತೆ ಮನುಷ್ಯರಾದರು. ಆವತ್ತು ಸೂಜಿ ಹಾಕಿ ಕಳಿಸಿದ್ದರೆ ಇನ್ನೆಷ್ಟು ವಾರ ಹೋಗುತ್ತಿತ್ತೋ. ಇಮ್ಯುನೋಥೆರಪಿಯಲ್ಲಿ ಹೊಸ ಸುಸ್ತು, ಭೇದಿ, ಕೆಮ್ಮು, ಉಸಿರುಕಟ್ಟು ಏನೇ ಬಂದರೂ ಮೊದಲ ಫೋನು ಕ್ಯಾನ್ಸರ್ ಡಾಕ್ಟರಿಗೇ. ಭೇದಿಗೆ ಮನೆಯಲ್ಲೇ ಮಜ್ಜಿಗೆ, ಮೆಂತ್ಯ ಅಂತ ಎರಡು ದಿನ ನೋಡೋಣ ಅನ್ನುವಂತಿಲ್ಲ.

ಪುಡಿಯ ವಿಷಯ ಅತ್ತೆಗೆ ಹೇಳುವುದು ಬೇಡ ಅಂತ ಇವರು ಹಟ ಹಿಡಿದರು. ನಾನು ಹೇಳಿದೆ. ಮುಚ್ಚಿಟ್ಟರೆ ಇನ್ನೊಂದು ಬಾಟಲಿ ಬರುತ್ತಲ್ವಾ? "ಅತ್ತೆ, ನಿಮ್ಮ ಪುಡೀದು ತಪ್ಪಿಲ್ಲ. ಈ ಔಷಧಿ ನಡೀತಿರೋವಾಗ ಅದು ಆಗಿಬರಲ್ಲ, ಅಷ್ಟೇ," ಅಂದೆ. ಆ ಕಡೆ ಬಹಳ ಹೊತ್ತು ಮಾತಿಲ್ಲ. ಆಮೇಲೆ ಸಣ್ಣ ದನಿಯಲ್ಲಿ, "ಹಂಗಾದ್ರೆ ನಾನೇನು ಮಾಡ್ಲಮ್ಮಾ ಅವನಿಗೆ?" ಅಂದರು.

ನನ್ನ ಹತ್ತಿರ ಉತ್ತರ ಇರಲಿಲ್ಲ. ಮುಂದಿನ ವಾರ ಅದನ್ನೇ ಸೂಜಿ ಡಾಕ್ಟರಮ್ಮನ ಹತ್ತಿರ ಹೇಳಿದೆ. ಅವರು ನನ್ನ ಕೈ ಎಳೆದುಕೊಂಡು, ಮಣಿಕಟ್ಟಿನ ಗೆರೆಯ ಮೇಲೆ ನನ್ನದೇ ಮೂರು ಬೆರಳು ಇಡಿಸಿ, ಆ ಜಾಗ ತೋರಿಸಿದರು. ಸೂಜಿ ಬೇಡ, ಹೆಬ್ಬೆರಳು ಸಾಕು ಅಂದರು. ಎರಡು ನಿಮಿಷ ಒತ್ತಿ ಹಿಡಿಯಬೇಕು, ಮೆಲ್ಲಗೆ ತಿರುಗಿಸಬೇಕು.

ಹದಿನೈದನೇ ಡ್ರಿಪ್ ಹೊತ್ತಿಗೆ ಅತ್ತೆ ಮೈದುನನ ಜೊತೆ ಫ್ರೀಮಾಂಟಿಗೆ ಬಂದರು. ಡ್ರಿಪ್ ಆದ ದಿನ ಸಂಜೆ ಇವರು ಸೋಫಾದ ಮೇಲೆ ಒರಗಿದ್ದರು. ಸಾರಿನ ಒಗ್ಗರಣೆಗೆ ಮುಖ ಸಿಂಡರಿಸಿದ್ದು ಅತ್ತೆಗೆ ಕಂಡಿತು. ಕನ್ನಡಕ ಹಾಕಿಕೊಂಡು ಬಂದು ಪಕ್ಕದಲ್ಲಿ ಕೂತರು. ಮಗನ ಕೈಯನ್ನು ತೊಡೆಯ ಮೇಲೆ ಇಟ್ಟುಕೊಂಡರು. ಸೀರೆಯ ಸೆರಗಿಂದ ಮಣಿಕಟ್ಟು ಒರೆಸಿ, ನಾನು ತೋರಿಸಿದ ಹಾಗೆ ಮೂರು ಬೆರಳು ಅಳೆದು, ಹೆಬ್ಬೆರಳು ಊರಿದರು.

"ಇಲ್ಲೇನಾ ಮಗಾ?"

"ಸ್ವಲ್ಪ ಕೆಳಗೆ ಅಮ್ಮ."

"ಇಲ್ಲಿ?"

"ಹೂಂ. ಅಲ್ಲೇ."

ಒಗ್ಗರಣೆಯ ಬಾಣಲೆಗೆ ಮುಚ್ಚಳ ಮುಚ್ಚಿ ನಾನು ಕಿಟಕಿ ತೆಗೆದೆ. ಅತ್ತೆ ಗಡಿಯಾರ ನೋಡುತ್ತಾ ಒತ್ತುತ್ತಿದ್ದರು. ಎರಡು ನಿಮಿಷ ಆಯಿತು. ಹತ್ತು ನಿಮಿಷವೂ ಆಯಿತು. ಕೈ ಬಿಡಲಿಲ್ಲ.